ಗುಲಾಬಿ ಹೂವಿನವರೂ ಹಸಿರು ಸೀರೆಯವರೂ ಓದತಕ್ಕದ್ದು

ಕುಣಿಗಲ್, ಕೋಟೆ ಹಿಂಬದಿ ಬೀದಿ, ಸಾಕ್ಷಿಕಟ್ಟೆ
ಕ್ರಿಸ್ತಶಕ ೨೧೭೧, ಆಗಸ್ಟ್ ೩೩

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದವರಿಗೆ ಒಳ್ಳೆಯದಾಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಿಟ್ಟದ್ದಕ್ಕೆ ಇಷ್ಟು ವರ್ಷ ಬೇಜಾರಾಗಿರಲಿಲ್ಲ, ಇವತ್ತು ಬೆಳಿಗ್ಗೆಯಿಂದ ಆಗುತ್ತಿದೆ. ನನ್ನ ಮೊಮ್ಮಗಳು ಮುತ್ತು ಪೋಣಿಸಿದ ಹಾಗೆ ಬರೆಯುತ್ತಾಳೆ. ನಾನು ಹೇಳುತ್ತಾ ಹೋಗಿ ಅವಳು ಬರೆದಿದ್ದರೆ ಇಷ್ಟು ಹೊತ್ತಿಗೆ ಮುಗಿಸಿ, ಒಂದು ಲೋಟ ಮಜ್ಜಿಗೆ ಕುಡಿದು ಮಲಗಿರುತ್ತಿದ್ದೆ. ಆದರೆ ನಮ್ಮ ಕಾಲದಲ್ಲಿ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಒಂದಕ್ಷರ ಬರೆದರೂ ಬಸ್ ಸ್ಟ್ಯಾಂಡಿನ ಕಸ ಗುಡಿಸುವ ಶಿಕ್ಷೆ. ಹೆಂಡತಿಯ ಹೆಸರಿನಲ್ಲಿ ಗಂಡ ಬರೆಯುವ ಹಾಗಿಲ್ಲ, ಮಂತ್ರಿಯ ಹೆಸರಿನಲ್ಲಿ ಗುಮಾಸ್ತ ಬರೆಯುವ ಹಾಗಿಲ್ಲ. ಈ ಕಾನೂನು ಯಾರಿಂದ ಬಂತು ಅಂದುಕೊಂಡಿರಿ? ನಿಮ್ಮಿಂದ. ನಿಮ್ಮ ಕಾಲದವರ ಘನಕಾರ್ಯದಿಂದ.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ಮೇಲಿನ ತಾರೀಖು ನೋಡಿ ಮುದುಕಿಗೆ ಅರಳುಮರಳು ಎನ್ನಬೇಡಿ. ಫೆಬ್ರವರಿ ತಿಂಗಳನ್ನು ತೆಗೆದುಹಾಕಿ ಅದರ ದಿನಗಳನ್ನು ಉಳಿದ ತಿಂಗಳುಗಳಿಗೆ ಹಂಚಿದ್ದಾರೆ. ಯಾಕೆ ಎಂದು ನಾನು ಕೇಳಿಲ್ಲ. ಕಾಗದ ನಿಮ್ಮ ಕೈ ಸೇರುವುದು ಹಿಂದಂಚೆಯಲ್ಲಿ. ನಿಮ್ಮ ಅಂಚೆ ಊರಿಂದ ಊರಿಗೆ ಹೋಗುತ್ತಿತ್ತು, ಇದು ಕಾಲದಲ್ಲಿ ಹಿಂದಕ್ಕೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಒಂದು ಮನೆಗೆ ಒಂದೇ ಸಲ ಅವಕಾಶ. ಪಕ್ಕದ ಬೀದಿಯವರು ತಮ್ಮ ಸಲವನ್ನು ಉಪ್ಪಿನಕಾಯಿಯ ಹದ ಕೇಳುವುದಕ್ಕೆ ಖರ್ಚು ಮಾಡಿದರು. ಉತ್ತರವೂ ಬಂತಂತೆ, ಕಾಯಿ ಮಾತ್ರ ಮೆತ್ತಗಾಯಿತು.

ನಾನು ಚಿಕ್ಕೀರಮ್ಮ. ಈ ಕಾಗದ ಪುಟ್ಟಸಿದ್ದಮ್ಮನವರಿಗೆ. ನಮ್ಮಜ್ಜಿಯ ಮುತ್ತಜ್ಜಿ ನೀವು. ತೊಂದರೆ ಏನೆಂದರೆ, ನೀವು ಇಬ್ಬರಿದ್ದೀರಿ. ನಿಮ್ಮ ಕಾಲದವರು ಫೋನಿನಲ್ಲಿ ಬರೆದದ್ದು, ತೆಗೆದ ಫೋಟೋ, ಒತ್ತಿದ ಹೆಬ್ಬೆರಳು ಎಲ್ಲವನ್ನೂ ನಮ್ಮಲ್ಲಿ ಒಂದು ಕಡೆ ಕೂಡಿಟ್ಟಿದ್ದಾರೆ. ಅದಕ್ಕೆ ಹಳೇಗೋಡೆ ಎನ್ನುತ್ತೇವೆ. ಯಾರು ಬೇಕಾದರೂ ಹೋಗಿ ತಮ್ಮ ಹಿರೀಕರನ್ನು ನೋಡಿಕೊಂಡು ಬರಬಹುದು. ನಾವು ನೋಡಲು ಹೋದರೆ ಒಂದೇ ಹೆಸರಿನ, ಒಂದೇ ಊರಿನ ಇಬ್ಬರು ಪುಟ್ಟಸಿದ್ದಮ್ಮಂದಿರು ಅಕ್ಕಪಕ್ಕ ಕೂತಿದ್ದೀರಿ. ಒಬ್ಬಳು ನಿಜ, ಇನ್ನೊಬ್ಬಳು ಯಾರೋ ಕಳ್ಳಿ. ಕಳ್ಳನೂ ಇರಬಹುದು. ಯಾರು ಯಾರೆಂದು ತಿಳಿಯದೆ ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಿಜವಾದವಳಿಗೆ ನಮಸ್ಕಾರ. ಇನ್ನೊಬ್ಬಳಿಗೆ ಹೇಳುವುದನ್ನು ಆಮೇಲೆ ಹೇಳುತ್ತೇನೆ.

ಇಷ್ಟು ವರ್ಷದ ಮೇಲೆ ನಿನಗೆ ಯಾಕಮ್ಮ ಈ ಉಸಾಬರಿ ಎಂದು ಕೇಳಬಹುದು. ಎಡೆಯ ವಿಚಾರ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದನ್ನು ನಾವು ಬಿಟ್ಟಿಲ್ಲ. ಮನೆಗಳು ಬದಲಾಗಿವೆ. ಬಿಸಿಲು ಜಾಸ್ತಿಯಾದ ಮೇಲೆ ನೆಲದ ಕೆಳಗೆ ಒಂದಾಳು ಆಳಕ್ಕೆ ತೋಡಿ ಕಟ್ಟುತ್ತೇವೆ, ಸೂರು ಮಾತ್ರ ಹೊರಗೆ ಕಾಣುತ್ತದೆ, ಅದರ ಮೇಲೆ ಕುಂಬಳಬಳ್ಳಿ ಹಬ್ಬಿಸುತ್ತೇವೆ. ಒಲೆ ಉರಿಯುವುದು ಸೂರಿನಿಂದ ಇಳಿಸಿಕೊಂಡ ಬಿಸಿಲಿನಲ್ಲಿ, ಹಾಗಾಗಿ ಮೋಡ ಕವಿದರೆ ಮುದ್ದೆ ಅರ್ಧಕ್ಕೆ ನಿಲ್ಲುತ್ತದೆ. ಆದರೂ ಎಡೆ ಎಂದರೆ ಎಡೆಯೇ. ಸತ್ತವರಿಗೆ ಏನು ಇಷ್ಟವೋ ಅದನ್ನೇ ಮಾಡಿ ಎಲೆಗೆ ಬಡಿಸಬೇಕು. ಬೇರೆ ಏನಾದರೂ ಇಟ್ಟರೆ ಬಂದವರು ಮೂಸಿ ನೋಡಿ ಎದ್ದು ಹೋಗುತ್ತಾರೆ. ನಿಮಗೆ ಏನಿಷ್ಟವಿತ್ತು ಎಂದು ನಮ್ಮಜ್ಜಿಯನ್ನು ಕೇಳಿದರೆ, "ಎಲ್ಲಾ ತಿಂತಿದ್ರಂತೆ ಕಣೆ, ಸುಮ್ನಿರು" ಎನ್ನುತ್ತಿದ್ದಳು. ಆಕೆಯೂ ಹೋದ ಮೇಲೆ ಹಳೇಗೋಡೆಯೊಂದೇ ಗತಿಯಾಯಿತು.

ಈಗ ನಿಮ್ಮಿಬ್ಬರ ಸಮಾಚಾರ. ಒಬ್ಬಳು ಹಸಿರು ಸೀರೆಯವಳು. ಫೋಟೋದಲ್ಲಿ ಮುಖ ಸ್ಪಷ್ಟವಾಗಿದೆ, ಯಾವುದೋ ಮದುವೆ ಮನೆ, ಹಿಂದುಗಡೆ ಐಸ್‌ಕ್ರೀಮ್ ಹಂಚುವವನ ಅರ್ಧ ಮೈ. ಮೂಗು ನಮ್ಮ ಮನೆಯದೇ, ಎರಡು ಮಾತಿಲ್ಲ. ಈಕೆ ಕಂಡ ಕಂಡವರಿಗೆ "ಹಾಯ್ ಡಿಯರ್, ಹೇಗಿದ್ದೀರಿ" ಎಂದು ಕೇಳಿದ್ದಾಳೆ. ಆಮೇಲೆ ಆಸ್ಪತ್ರೆ ಸೇರಿದ್ದೇನೆ, ಅರ್ಜೆಂಟಾಗಿ ಸಹಾಯ ಮಾಡಿ ಎಂದಿದ್ದಾಳೆ. ಆಸ್ಪತ್ರೆಯಿಂದ ಬಂದಳೋ ಇಲ್ಲವೋ ತಿಳಿಯುವ ಮೊದಲೇ, ತನಗೆ ಮಿಲಿಟರಿಯಲ್ಲಿ ಒಬ್ಬ ಗೆಳೆಯನಿದ್ದಾನೆ, ಅಶೀಶ್ ಕುಮಾರ್ ಎಂದು ಹೆಸರು, ವರ್ಗವಾಗಿ ಹೋಗುತ್ತಿದ್ದಾನೆ, ಅವನ ಸೋಫಾ, ಫ್ರಿಜ್, ನಿಂತಲ್ಲೇ ಓಡುವ ಯಂತ್ರ ಎಲ್ಲ ಅಗ್ಗಕ್ಕೆ ಬಂದಿವೆ, ಬೇಕಾ ಎಂದು ಬೀಗರನ್ನೂ ಬಿಡದೆ ಕೇಳಿದ್ದಾಳೆ.

ಇನ್ನೊಬ್ಬಳಿಗೆ ಮುಖವೇ ಇಲ್ಲ. ಮುಖ ಇರಬೇಕಾದ ಕಡೆ ನೀರಿನ ಹನಿ ಕೂತ ಕೆಂಪು ಗುಲಾಬಿ. ಹೆಸರು "ಪುಟ್ಟಸಿದ್ದಮ್ಮ ಪುಟ್ಟಸಿದ್ದಮ್ಮ" ಎಂದು ಎರಡು ಸಲ. ದಿನಾ ಬೆಳಿಗ್ಗೆ ಶುಭೋದಯ. ಒಂದು ಫೋಟೋದಲ್ಲಿ ಬರೀ ಮೊಣಕಾಲು. ಒಂದು ವೀಡಿಯೋದಲ್ಲಿ ಮೊದಲಿಂದ ಕೊನೆಯವರೆಗೆ ತಿರುಗುವ ಫ್ಯಾನು, ಅದರ ಕೆಳಗೆ ಯಾರೋ "ಹಾಲು ಉಕ್ತು, ಉಕ್ತು" ಎಂದು ಕೂಗುವುದು ಕೇಳುತ್ತದೆ. ಯಾರೋ ತೀರಿಕೊಂಡ ಸುದ್ದಿಗೆ ಹುಟ್ಟುಹಬ್ಬದ ಶುಭಾಶಯ ಹೇಳಿದ್ದಾಳೆ. ಮೈಸೂರಿನ ಯಾವುದೋ ಬಟ್ಟೆ ಅಂಗಡಿಯವರ ಜಾಹೀರಾತಿನ ಕೆಳಗೆ "ಸುಮಿತ್ರ ನೀನು ಯಾಕೆ ಫೋನ್ ಎತ್ತಲ್ಲ, ಕೊಬ್ಬಾ" ಎಂದು ಬರೆದಿದ್ದಾಳೆ. ಚುನಾವಣೆಯಲ್ಲಿ ನಿಂತ ಮೂವರಿಗೂ ಗೆದ್ದು ಬಾ ಎಂದು ಹರಸಿದ್ದಾಳೆ. ಕಪ್ಪಗೆ ಸೀದ ಒಬ್ಬಟ್ಟಿನ ಫೋಟೋ ಹಾಕಿ, ತನಗೆ ತಾನೇ ಹೆಬ್ಬೆರಳು ಒತ್ತಿಕೊಂಡಿದ್ದಾಳೆ.

ನೋಡಿದ ತಕ್ಷಣ ನನಗೆ ಗೊತ್ತಾಯಿತು. ಇದು ನಮ್ಮ ರಕ್ತ. ನಮ್ಮ ಮನೆಯ ಹೆಂಗಸರು ಇವತ್ತಿನವರೆಗೆ ಯಾರನ್ನೂ ಡಿಯರ್ ಎಂದು ಕರೆದಿಲ್ಲ, ಕಟ್ಟಿಕೊಂಡ ಗಂಡನನ್ನೂ ಕರೆದಿಲ್ಲ. ನಾನು ಗುಲಾಬಿಯವಳಿಗೆ ಎಡೆ ಇಟ್ಟೆ. ಮುದ್ದೆ, ಹುರುಳಿ ಬಸ್ಸಾರು, ಕಜ್ಜಾಯ, ಜೊತೆಗೆ ಒಂದು ಒಬ್ಬಟ್ಟನ್ನು ಬೇಕೆಂದೇ ಸೀಯಿಸಿ ಇಟ್ಟೆ.

ನನ್ನ ತಮ್ಮ ಮುದ್ದಲಿಂಗನಿಗೆ ಇದು ಸರಿಬರಲಿಲ್ಲ. ಅವನು ಪಿ.ಯು.ಸಿ. ಓದಿದವನು, ಅವನಿಗೆ ಎಲ್ಲಕ್ಕೂ ಕಾರಣ ಬೇಕು. "ಅಕ್ಕಯ್ಯ, ನಿನ್ಗೆ ಬುದ್ಧಿ ಐತಾ? ಮುಖ ಇರೋಳ್ನ ಬಿಟ್ಟು ಹೂವಿಗೆ ಕೈ ಮುಗೀತಿದ್ದೀಯಲ್ಲ! ಸುಳ್ಳು ಹೇಳೋಳು ಮುಖ ಬಚ್ಚಿಟ್ಕೊಂತಾಳೆ, ನಿಜ ಇರೋಳು ತೋರಿಸ್ತಾಳೆ. ಅಷ್ಟೂ ಗೊತ್ತಾಗಲ್ವಾ?" ಎಂದ. ನನಗೆ ರೇಗಿತು. ಮುಖ ಕದಿಯುವುದಕ್ಕೇ ಬಂದವಳು ಮುಖ ಹಾಕದೆ ಇನ್ನೇನು ಹಾಕುತ್ತಾಳೋ ಮಂಕೆ, ಸ್ವಂತ ಮನೆಯಲ್ಲಿ ಕೂತವಳು ಬಾಗಿಲಿಗೆ ಹೂವು ಕಟ್ಟಿದರೂ ಆಯಿತು, ಮಾವಿನ ಸೊಪ್ಪು ಕಟ್ಟಿದರೂ ಆಯಿತು ಎಂದೆ. ಅವನು ಒಪ್ಪಲಿಲ್ಲ. ಗೋಡೆಯ ಆಚೆ ಬೇರೆ ಒಲೆ ಹೂಡಿದ. ಹಸಿರು ಸೀರೆಯವಳಿಗೆ ಎಡೆ ಇಟ್ಟ. ಏನು ಇಟ್ಟ ಎನ್ನುತ್ತೀರಿ? ಆಸ್ಪತ್ರೆಯಲ್ಲಿ ಬಾಯಿ ಕೆಟ್ಟಿರುತ್ತದೆ ಎಂದು ಗಂಜಿ, ಬ್ರೆಡ್ಡು, ಒಂದು ಪಟ್ಟಿ ಮಾತ್ರೆ. ಪಕ್ಕದಲ್ಲಿ ಆ ಅಶೀಶ್ ಕುಮಾರನಿಗೂ ಒಂದು ಎಲೆ, ಮಿಲಿಟರಿಯವನಲ್ಲವೇ, ಎಲೆಯ ತುದಿಗೆ ಒಂದು ಲೋಟ ರಮ್ಮು! ಯಾವ ಜಾತಿ, ಯಾವ ಊರು, ನಮಗೆ ಏನಾಗಬೇಕು, ಒಂದೂ ಗೊತ್ತಿಲ್ಲದ ಗಂಡಸಿಗೆ ನಮ್ಮ ಮನೆಯ ಎಡೆ. ಮೊಮ್ಮಕ್ಕಳು ಈಗ ಅವನನ್ನು ಮಿಲಿಟರಿ ತಾತ ಎನ್ನುತ್ತಾರೆ. ಅವನ ಹಾಗೆ ಸೈನ್ಯಕ್ಕೆ ಸೇರುತ್ತೇನೆ ಎಂದು ಒಬ್ಬಳು ಹಟ ಹಿಡಿದಿದ್ದಾಳೆ.

ನಿಮ್ಮ ಬಾಯಿಂದಲೇ ತೀರ್ಮಾನವಾಗಲಿ ಎಂದು ಹಳೇಗೋಡೆಯನ್ನು ತಿರುವಿ ಹಾಕಿದೆವು. ಗುಲಾಬಿಯವಳು ಒಂದು ಕಡೆ ಬರೆದಿದ್ದಾಳೆ: ಯಾರೋ ನನ್ನ ಫೋಟೋ ಹಾಕಿಕೊಂಡಿದ್ದಾರೆ, ಅದು ನಾನಲ್ಲ, ಯಾರೂ ನಂಬಬೇಡಿ. ನಾನು ಕುಣಿದುಬಿಟ್ಟೆ. ಮುದ್ದಲಿಂಗ ಹೋಗಿ ಇನ್ನೊಂದನ್ನು ಹುಡುಕಿ ತಂದ. ಹಸಿರು ಸೀರೆಯವಳೂ ಬರೆದಿದ್ದಾಳೆ: ನನ್ನ ಹಳೆಯ ಖಾತೆಯನ್ನು ಯಾರೋ ಕದ್ದಿದ್ದಾರೆ, ಇದೇ ನನ್ನ ಹೊಸದು, ಎಲ್ಲರೂ ಇಲ್ಲಿಗೆ ಬನ್ನಿ. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ಜಗಳವಾಡುವವರ ಹಾಗೆ ಇಬ್ಬರೂ ನಾನೇ, ನಾನೇ ಎನ್ನುತ್ತೀರಿ. ಯಾರನ್ನು ನಂಬುವುದು?

ಇದಾಗಿ ಮೂರು ವರ್ಷ. ಈಗ ಹಿರೀಕರ ಕಚೇರಿಯಿಂದ ನೋಟಿಸ್ ಬಂದಿದೆ. ಒಂದೇ ಹಿರಿಯಳಿಗೆ ಎರಡು ಕಡೆ ಎಡೆ ನಡೆಯುತ್ತಿರುವುದು ಗಮನಕ್ಕೆ ಬಂದಿದೆಯಂತೆ. ಈ ಅಮಾವಾಸ್ಯೆಯೊಳಗೆ ನಿಜವಾದವಳು ಯಾರೆಂದು ಇಬ್ಬರೂ ಒಪ್ಪಿ ಹೇಳದಿದ್ದರೆ ನಮ್ಮದನ್ನು ಎರಡು ಮನೆ ಎಂದು ಬರೆದುಬಿಡುತ್ತಾರಂತೆ. ಬರೆದರೆ ಬರೆದುಕೊಳ್ಳಲಿ, ನನಗೇನು ಎನ್ನುವ ಹಾಗಿಲ್ಲ. ಎಡೆ ತೆಗೆದ ಮೇಲೆ ಊಟಕ್ಕೆ ಕೂರುವ ಮೊದಲ ಸಾಲಿನಲ್ಲಿ ಬೇರೆ ಮನೆಯವರು ಕೂರುವುದಿಲ್ಲ, ಅದು ನಮ್ಮ ಕಡೆಯ ನಡವಳಿಕೆ. ಆಮೇಲೆ ಮುದ್ದಲಿಂಗ ನನ್ನ ಮನೆಗೆ ನೆಂಟ. ನೆಂಟನ ಹಾಗೆ ಬಂದು, ನೆಂಟನ ಹಾಗೆ ಎರಡನೇ ಪಂಕ್ತಿಗೆ ಕಾಯಬೇಕು. ಅವನ ಕಾಲು ಊದಿಕೊಂಡಿದೆ. ಹಲ್ಲೂ ಇಲ್ಲ. ಇನ್ನು ಎಷ್ಟು ಅಮಾವಾಸ್ಯೆ ಇದೆಯೋ ಅವನಿಗೆ, ನನಗೂ. ಅಮ್ಮ ಸತ್ತಾಗ ಅವನು ಅಂಗಿ ಹಾಕಿಕೊಳ್ಳಲು ಬಾರದ ಮಗು, ಮುದ್ದೆ ಮುರಿದು ಬಾಯಿಗಿಟ್ಟವಳು ನಾನು. ಆ ಬಾಯಲ್ಲಿ ಈಗ ನನಗೇ ಬುದ್ಧಿ ಹೇಳುತ್ತಾನೆ, ಅದು ಬೇರೆ ಮಾತು. ಅವನನ್ನು ನೆಂಟ ಎಂದು ಕರೆಯಲು ನನ್ನಿಂದ ಆಗುವುದಿಲ್ಲ.

ಈ ಕಾಗದವನ್ನು ಮನೆಯಲ್ಲಿ ಕೂತು ಬರೆಯುತ್ತಿಲ್ಲ, ಬೀದಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅದಕ್ಕೂ ನೀವೇ ಕಾರಣ. ನಿಮ್ಮ ಆಟ ಬೆಳೆದೂ ಬೆಳೆದೂ ಒಂದು ಕಾಲಕ್ಕೆ ಯಾರು ಯಾರೆಂದೇ ತಿಳಿಯದೆ ಹೋಯಿತಂತೆ. ಒಬ್ಬನೇ ಜಿಲ್ಲಾಧಿಕಾರಿ ಒಂದೇ ಗಳಿಗೆಯಲ್ಲಿ ಮೂರು ಊರಿನ ಜನಕ್ಕೆ ಪರದೆಯ ಮೇಲೆ ಭಾಷಣ ಮಾಡಿದನಂತೆ, ಮೂರರಲ್ಲೂ ಬೇರೆ ಬೇರೆ ಭರವಸೆ. ತುಮಕೂರಿನಲ್ಲಿ ಒಬ್ಬ ಹುಡುಗಿ ಫೋನಿನಲ್ಲಿ ಮಾತಾಡಿ ಒಪ್ಪಿದ ಗಂಡು ಮದುವೆಯ ದಿನ ನಾಲ್ಕು ಜನವಾಗಿ ಬಂದು ಇಳಿದನಂತೆ. ಕೊನೆಗೆ ಜನ ಬೇಸತ್ತು ಬೀದಿಗೊಂದು ಸಾಕ್ಷಿಕಟ್ಟೆ ಕಟ್ಟಿದರು. ಈಗ ಯಾರಿಗೆ ಏನು ಹೇಳಿ ಕಳಿಸಬೇಕಾದರೂ ಇಲ್ಲಿ ಬಂದು ಕೂರಬೇಕು, ಪಕ್ಕದಲ್ಲಿ ನಮ್ಮನ್ನು ಬಲ್ಲವರು ಇಬ್ಬರು ಕೂತು ಇವಳೇ ಅವಳು ಎನ್ನಬೇಕು. ಹಾಗೆಂದು ಬರೀ ಹೇಳಿದರೆ ನಡೆಯುವುದಿಲ್ಲ. ಪ್ರತಿಯೊಬ್ಬ ಸಾಕ್ಷಿಯೂ ನಮ್ಮ ಒಂದು ತಪ್ಪು ಹೇಳಬೇಕು. ಫೋಟೋ ನೋಡಿದ ಯಾರು ಬೇಕಾದರೂ ಹೊಗಳಿಬಿಡಬಹುದು. ಸರಿಯಾಗಿ ಬೈಯಬೇಕಾದರೆ ವರ್ಷಗಟ್ಟಲೆ ಪಕ್ಕದಲ್ಲಿ ಬಾಳಿರಬೇಕು. ಹೇಳಿದ ತಪ್ಪನ್ನು ಕಾಗದದಲ್ಲಿ ನಾವೇ ನಮ್ಮ ಕೈಯಾರೆ ಬರೆಯಬೇಕು. ಇಂಥ ಅವಮಾನ ನಿಮಗಿರಲಿಲ್ಲ, ಪುಣ್ಯವಂತರು.

ನನ್ನ ಎಡಕ್ಕೆ ಪಕ್ಕದ ಮನೆಯ ನೂರುನ್ನೀಸಾ ಕೂತಿದ್ದಾಳೆ. ಬಲಕ್ಕೆ ಮುದ್ದಲಿಂಗ. ವ್ಯಾಜ್ಯ ಇರುವ ಮನೆಯಾದರೆ ಎದುರು ಪಕ್ಷದವರೇ ಒಬ್ಬ ಸಾಕ್ಷಿಯಾಗಬೇಕು ಎಂದು ಕಚೇರಿಯವರ ನಿಯಮ. ಮೂರು ವರ್ಷದ ಮೇಲೆ ಒಂದೇ ಕಟ್ಟೆಯ ಮೇಲೆ ಕೂತಿದ್ದೇವೆ. ಮಧ್ಯೆ ಅವನ ಊರುಗೋಲು. ಪ್ರತಿ ಸಾಲಿಗೂ ಕತ್ತು ಚಾಚಿ ನೋಡುತ್ತಿದ್ದಾನೆ. "ನನ್ಗೆ ಹಲ್ಲಿಲ್ಲ ಅಂತ ಯಾಕ್ ಬರ್ದೆ? ಅವ್ರಿಗೆ ಅದ್ಯಾಕೆ ಬೇಕು?" ಎಂದ. ಇಲ್ಲವಲ್ಲ, ಅದಕ್ಕೆ ಬರೆದೆ ಎಂದೆ. "ಸರಿ ಬಿಡು. ಅಶೀಶ್ ಕುಮಾರ್ ಅವ್ರ ಆರೋಗ್ಯ ಹೆಂಗೈತೆ ಅಂತ ಒಂದ್ ಮಾತು ಕೇಳು. ವರ್ಗ ಆಗಿ ಹೋದೋರು ಊರು ಸೇರಿದ್ರಾ ಅಂತ" ಎಂದ. ಕೇಳಿದ್ದೇನೆ, ಬರೆದಾಯಿತು. ಅಂಥವನೊಬ್ಬ ಇದ್ದರೆ ಉತ್ತರ ಕೊಡಿ. ನೂರುನ್ನೀಸಾ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಗುತ್ತಿದ್ದಾಳೆ.

ಈಗ ಕೇಳಿ. ನಿಜವಾದವಳು ಯಾರು ಎಂದು ನಾನು ಕೇಳುವುದಿಲ್ಲ. ಕೇಳಿದರೆ ಇಬ್ಬರೂ ನಾನೇ ಎನ್ನುತ್ತೀರಿ, ನೋಡಿಯಾಗಿದೆ. ಹುಟ್ಟಿದ ದಿನ, ತೌರಿನ ಹೆಸರು ಎಂದು ಕೇಳಿಯೂ ಉಪಯೋಗವಿಲ್ಲ. ಮುಖವನ್ನೇ ಎತ್ತಿಕೊಂಡು ಹೋದವಳಿಗೆ ತೌರಿನ ಹೆಸರು ಎಷ್ಟರ ಮಾತು? ನಮ್ಮ ಕಟ್ಟೆಯ ನ್ಯಾಯವನ್ನೇ ನಿಮಗೂ ಹಾಕುತ್ತೇನೆ. ನಿಮ್ಮ ನಿಮ್ಮ ಗೋಡೆಯ ಮೇಲೆ ನಿಮ್ಮ ನಾದಿನಿಯೋ, ಓರಗಿತ್ತಿಯೋ, ಪಕ್ಕದ ಮನೆಯವಳೋ ಬಂದು ನಿಮ್ಮನ್ನು ಬೈದು ನಾಲ್ಕು ಮಾತು ಬರೆಯಬೇಕು. ಹೆಸರು ಹಿಡಿದು, ಮನೆಯ ವಿಷಯ ಎತ್ತಿ, ಸರಿಯಾಗಿ ಬೈಯಬೇಕು. ನೀವು ಅದಕ್ಕೆ ಬಿಸಿಬಿಸಿಯಾಗಿ ಉತ್ತರ ಕೊಡಬೇಕು. ನೀವು ಅಲ್ಲಿ ಬರೆದದ್ದು ಇಲ್ಲಿ ಹಳೇಗೋಡೆಯ ಮೇಲೆ ನಮಗೆ ಕಾಣುತ್ತದೆ. ನಾವಿಬ್ಬರೂ ಒಟ್ಟಿಗೆ ಕೂತು ಓದುತ್ತೇವೆ. ಸುಳ್ಳಿಗೆ ಗೆಳೆಯರು ಎಷ್ಟು ಬೇಕಾದರೂ ಸಿಗುತ್ತಾರೆ, ಹಸಿರು ಸೀರೆಯವಳಿಗೂ ನಾನೂರು ಚಿಲ್ಲರೆ ಗೆಳೆಯರಿದ್ದರು. ಅವಳನ್ನು ಹಕ್ಕಿನಿಂದ ಬೈಯುವ ಒಬ್ಬ ನಾದಿನಿಯನ್ನು ಎಲ್ಲಿಂದ ತರುತ್ತಾಳೋ ನೋಡೋಣ. ಇದಕ್ಕೆ ಮುದ್ದಲಿಂಗನೂ ಒಪ್ಪಿದ್ದಾನೆ. "ನಮ್ಮವ್ಳಿಗೂ ನಾದಿನಿ ಇರ್ತಾಳೆ, ನೋಡ್ತಿರು" ಎಂದು ಜಂಬ ಬೇರೆ.

ಹಸಿರು ಸೀರೆಯವಳೇ ನಿಜವೆಂದು ತಿಳಿದರೆ ನಾನು ತಕರಾರು ಮಾಡುವುದಿಲ್ಲ. ಅಶೀಶ್ ಕುಮಾರನಿಗೆ ರಮ್ಮನ್ನು ನನ್ನ ಕೈಯಾರೆ ಸುರಿಯುತ್ತೇನೆ. ಗುಲಾಬಿಯವಳೇ ನಿಜವಾದರೆ ಮುದ್ದಲಿಂಗ ಸೀದ ಒಬ್ಬಟ್ಟನ್ನು ತುಪ್ಪ ಹಾಕದೆ ತಿನ್ನಬೇಕು, ಒಪ್ಪಿದ್ದಾನೆ. ಇನ್ನು, ಸುಳ್ಳಿಯಾದವಳೇ, ನಿನಗೆ ಒಂದು ಮಾತು. ನೀನು ಒಂದು ಮಧ್ಯಾಹ್ನ ಬೆರಳಾಡಿಸಿ ಒಬ್ಬಳ ಮುಖ ಎತ್ತಿಕೊಂಡೆ, ನಾಲ್ಕು ಜನರನ್ನು ಯಾಮಾರಿಸಿ ಮರೆತುಬಿಟ್ಟೆ. ಆ ಮುಖಕ್ಕೆ ನನ್ನ ತಮ್ಮ ಮೂರು ವರ್ಷ ಗಂಜಿ ಕಾಯಿಸಿ ಇಟ್ಟಿದ್ದಾನೆ, ಊದಿದ ಕಾಲಿನಲ್ಲಿ ನಿಂತು. ಅದನ್ನು ತಿಂದವಳು ಯಾರು? ನಿನ್ನ ಸ್ವಂತ ಮುಖ ಎಷ್ಟು ಕೆಟ್ಟದಾಗಿದ್ದರೂ ಸರಿ, ಅದನ್ನೇ ಇಟ್ಟುಕೊ. ನಿನ್ನ ಹಿಂದಿನಿಂದ ಬರುವವರಿಗೆ ನಿನ್ನನ್ನು ಹುಡುಕಲಾದರೂ ಬರಲಿ.

ಇನ್ನು ಸಾಕ್ಷಿಗಳ ಮಾತು, ಅವರು ಹೇಳಿದ ಹಾಗೇ ಬರೆಯುತ್ತಿದ್ದೇನೆ.

ನೂರುನ್ನೀಸಾ ಹೇಳಿದ್ದು: "ಈರಕ್ಕ ನಮ್ಮನೆ ಕೋಳಿ ಇವರ ಸೂರಿನ ಮೇಲೆ ಹತ್ತಿದ್ರೆ ಕೋಳಿಗೆ ಬೈಯಲ್ಲ, ನನ್ಗೆ ಬೈತಾಳೆ. ಮೊಟ್ಟೆ ಸಿಕ್ಕಿದ್ರೆ ಮಾತ್ರ ಯಾರಿಗೂ ಹೇಳಲ್ಲ." ಮೊಟ್ಟೆಯ ವಿಷಯ ಸುಳ್ಳು ಎಂದು ಬರೆಯಲು ಹೋದೆ, ನಿಯಮವಿಲ್ಲವಂತೆ.

ಮುಂದಿನ ಸರದಿ ಮುದ್ದಲಿಂಗನದು. ಅಷ್ಟೊಂದು ತಪ್ಪುಗಳಲ್ಲಿ ಯಾವುದನ್ನು ಆರಿಸುತ್ತಾನೋ ಎಂದು ಕಾದೆ. ಆಮೇಲೆ ಊರುಗೋಲಿನ ಕಡೆ ನೋಡುತ್ತಾ ಹೇಳಿದ್ದು ಇದು: "ಇವ್ಳು ದಂಡಪಿಂಡ. ಮೂರು ವರ್ಷದಿಂದ ಎಡೆ ಊಟದ ಮೊದಲ್ನೇ ಸಾಲಲ್ಲಿ ನನ್ನೆಲೆನೂ ಹಾಕ್ತಾಳೆ. ನಾನು ಬರಲ್ಲ ಅಂತ ಗೊತ್ತು. ಆದ್ರೂ ಹಾಕಿ, ಬಡಿಸಿ, ಪಕ್ಕದಲ್ಲಿ ಕೂತು ಉಣ್ತಾಳೆ. ಅನ್ನ ಎಲ್ಲಾ ವೇಸ್ಟು."

ಗೋಡೆಯ ಆಚೆ ಕೂತವನಿಗೆ ಇದು ಹೇಗೆ ಕಂಡಿತು ಎಂದು ಕೇಳಿದೆ. "ಸ್ಟೂಲ್ ಹತ್ತಿ ನೋಡ್ದೆ" ಎಂದ. ಆ ಕಾಲಿನಲ್ಲಿ ಸ್ಟೂಲು ಹತ್ತಿದ್ದಾನೆ, ಕತ್ತೆ.

ನನಗೆ ಇನ್ನು ಬರೆಯಲು ಆಗುವುದಿಲ್ಲ. ಬೆರಳು ನೋಯುತ್ತಿದೆ. ಸೆಪ್ಟೆಂಬರ್ ಹತ್ತರೊಳಗೆ ಉತ್ತರ ಬರಬೇಕು, ಇಬ್ಬರಿಂದಲೂ. ಬರಲೇಬೇಕು.

ಚಿಕ್ಕೀರಮ್ಮ
(ಸ್ವಂತ ಕೈ)